ಆಂಬುಲೆನ್ಸ್ ಸೈರನ್: ಹಸಿರು ಫ್ಯೂಸ್ ಹಾಕುವ ಮೊದಲು

ಪ್ರಶ್ನೆ: ನಮ್ಮ ಹೋಬಳಿಯವರೆಲ್ಲ ಸೇರಿ ಒಂದು ಟ್ರಸ್ಟ್ ಮಾಡಿಕೊಂಡು, ಸೆಕೆಂಡ್ ಹ್ಯಾಂಡ್ ವ್ಯಾನ್ ತೆಗೆದುಕೊಂಡು ಆಂಬುಲೆನ್ಸ್ ಅಂತ ರಿಜಿಸ್ಟರ್ ಮಾಡಿಸಿದ್ದೇವೆ. ಗಾಡಿ ನೋಡಿಕೊಳ್ಳುವ ಜವಾಬ್ದಾರಿ ನನ್ನದು. ಹಳೇ ಸೈರನ್ ಕೆಟ್ಟಿತ್ತು, ಹೊಸ 100 ವ್ಯಾಟ್ ಎಲೆಕ್ಟ್ರಾನಿಕ್ ಸೈರನ್ ತರಿಸಿದೆವು. ಊರಿನ ಎಲೆಕ್ಟ್ರಿಷಿಯನ್ ಒಬ್ಬರು ಹಾರ್ನ್ ವೈರಿನಿಂದಲೇ ಕರೆಂಟ್ ಕೊಟ್ಟು ಕೂರಿಸಿದರು. ಒಂದು ವಾರ ಚೆನ್ನಾಗಿತ್ತು. ಈಗ ಸೈರನ್ ಓಡುವಾಗ ಹಾರ್ನ್ ಒತ್ತಿದರೆ ಫ್ಯೂಸ್ ಹೋಗುತ್ತೆ. ರಾತ್ರಿ ಹೆಡ್‌ಲೈಟ್ ಹಾಕಿದರೆ ಸೈರನ್ ಸ್ವರ ಕುಗ್ಗುತ್ತೆ, ಒಮ್ಮೊಮ್ಮೆ ಗೊರಗೊರ ಅನ್ನುತ್ತೆ. 15 ಆಂಪ್ ಫ್ಯೂಸ್ ತೆಗೆದು 20 ಹಾಕಿದರು, ಅದೂ ಹೋಯಿತು. ಈಗ 30 ಹಾಕೋಣ ಅಂತಿದ್ದಾರೆ. ಹಾಕಬಹುದಾ? ಸ್ಪೀಕರ್ ಟಾಪ್ ಮೇಲಿದೆ, ಡ್ರೈವರ್ ಕಿವಿ ನೋವು ಅಂತಾರೆ. ಎಲ್‌ಇಡಿ ಲೈಟ್ ಬಾರನ್ನೂ ಅದೇ ವೈರಿಗೆ ಸೇರಿಸಬಹುದಾ?

ಉತ್ತರ: 30 ಆಂಪ್ ಹಾಕಬೇಡಿ. ಈಗ ಹಾಕಿರುವ 20ನ್ನೂ ಇವತ್ತೇ ತೆಗೆಯಿರಿ. ಹಾರ್ನಿಗೆ ಕಂಪನಿ ಕೊಟ್ಟಿದ್ದ 15 ಆಂಪ್ ಫ್ಯೂಸನ್ನೇ ವಾಪಸ್ ಕೂರಿಸಿ. ಸೈರನ್ ವೈರನ್ನು ಹಾರ್ನ್ ವೈರಿನಿಂದ ಬಿಡಿಸಿ, ತುದಿಗೆ ಟೇಪ್ ಸುತ್ತಿ ಬಿಡಿ. ಎರಡು ದಿನ ಸೈರನ್ ಇಲ್ಲದೆ ಗಾಡಿ ಓಡಿದರೂ ಪರವಾಗಿಲ್ಲ. ಹಾರ್ನ್ ಇಲ್ಲದೆ ಓಡಬಾರದು, ಡ್ಯಾಶ್‌ಬೋರ್ಡ್ ಹಿಂದೆ ಬಿಸಿಯಾದ ವೈರ್ ಇಟ್ಟುಕೊಂಡಂತೂ ಓಡಲೇಬಾರದು.

ಫ್ಯೂಸ್ ಇರುವುದು ಸೈರನ್ ಕಾಪಾಡುವುದಕ್ಕೆ ಅಂತ ಸುಮಾರು ಜನ ತಿಳಿದಿರುತ್ತಾರೆ. ಅದು ಕಾಪಾಡುವುದು ವೈರನ್ನು. ಕಂಪನಿಯವರು ಹಾರ್ನಿಗೆ ಎಳೆದ ವೈರ್ ಸಣ್ಣದು, ಹೆಚ್ಚೆಂದರೆ ಒಂದೂಕಾಲು ಸ್ಕ್ವೇರ್ ಎಂಎಂ ಇರಬಹುದು. ಎರಡು ಹಾರ್ನ್ ಸೇರಿ 8–10 ಆಂಪ್ ಎಳೆಯುತ್ತವೆ, ಅದೂ ಒತ್ತಿದಾಗ ಒಂದೆರಡು ಸೆಕೆಂಡ್ ಮಾತ್ರ. ಅದೇ ಲೆಕ್ಕದಲ್ಲಿ ಆ ವೈರ್ ಹಾಕಿರುತ್ತಾರೆ. ನಿಮ್ಮ 100 ವ್ಯಾಟ್ ಸೈರನ್ ಒಂದೇ 8–10 ಆಂಪ್ ಎಳೆಯುತ್ತೆ. ಘಾಟಿ ಇಳಿಯುವಾಗ ಹತ್ತು ನಿಮಿಷ ಎಡೆಬಿಡದೆ ಎಳೆಯುತ್ತೆ. ಅದರ ಮೇಲೆ ಹಾರ್ನ್ ಒತ್ತಿದರೆ 20 ಆಂಪ್ ಹತ್ತಿರ ಆಯಿತಲ್ಲ? ಫ್ಯೂಸ್ ಹೋಗಿದ್ದು ಅದರ ತಪ್ಪಲ್ಲ, ಅದು ತನ್ನ ಕೆಲಸ ಮಾಡಿದೆ. ಅಲ್ಲಿ ಹಸಿರು ಬಣ್ಣದ 30 ಆಂಪ್ ಫ್ಯೂಸ್ ಕೂರಿಸಿದರೆ ಫ್ಯೂಸ್ ಹೋಗುವುದು ನಿಲ್ಲುತ್ತೆ, ನಿಜ. ಅದರ ಬದಲು ವೈರೇ ಫ್ಯೂಸ್ ಆಗುತ್ತೆ. ಸುಡುವುದು ಕಾಣದ ಜಾಗದಲ್ಲಿ, ಕಾರ್ಪೆಟ್ಟಿನ ಅಡಿ, ಪ್ಲಾಸ್ಟಿಕ್ಕಿನ ಹಿಂದೆ.

ಇಂಥದ್ದನ್ನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಗಾಡಿ ಯಾರದು ಅನ್ನುವುದು ಬೇಡ. ಫ್ಯೂಸಿನ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಕೂರಿಸಿದ್ದರು. ನನ್ನ ಶೆಡ್ಡಿಗೆ ಬಂದಾಗ ದೂರು ಇದ್ದದ್ದು ಒಂದೇ: 'ಏಸಿ ಹಾಕಿದ್ರೆ ಪ್ಲಾಸ್ಟಿಕ್ ವಾಸನೆ ಬರುತ್ತೆ.' ಡ್ಯಾಶ್ ಬಿಚ್ಚಿದೆ. ಆರು ವೈರುಗಳ ಕಟ್ಟು ಬೆಲ್ಲದ ಪಾಕದ ಹಾಗೆ ಒಂದಕ್ಕೊಂದು ಅಂಟಿಕೊಂಡಿತ್ತು. ನಡುವಿನ ಎರಡರ ತಾಮ್ರ ಹೊರಗೆ ಬಂದಿತ್ತು. ಅದರಿಂದ ಒಂದು ಗೇಣು ಆಚೆ ಪಾರ್ಟಿಷನ್ ಶೀಟು. ಶೀಟಿನ ಆ ಕಡೆ ಆಕ್ಸಿಜನ್ ಸಿಲಿಂಡರ್. ಅವತ್ತಿನಿಂದ ಆಂಬುಲೆನ್ಸ್ ಅಂದರೆ ನಾನು ಬೇರೆ ಗಾಡಿಗಿಂತ ಎರಡು ಪಟ್ಟು ನಿಧಾನಕ್ಕೆ ಕೆಲಸ ಮಾಡುತ್ತೇನೆ.

ನಿಮ್ಮ ಎಲೆಕ್ಟ್ರಿಷಿಯನ್ ಕೆಟ್ಟ ಕೆಲಸಗಾರ ಅಂತ ನಾನು ಹೇಳುತ್ತಿಲ್ಲ. ಸೈರನ್ ಅಂದರೆ ದೊಡ್ಡ ಹಾರ್ನ್ ಅಂತ ಅವರು ಅಂದುಕೊಂಡಿದ್ದಾರೆ. ಎಲ್ಲರೂ ಎಡವುವುದು ಅಲ್ಲೇ. ಎಲೆಕ್ಟ್ರಾನಿಕ್ ಸೈರನ್ ಅಂದರೆ ಒಂದು ಆಂಪ್ಲಿಫೈಯರ್, ಅದಕ್ಕೊಂದು ಹಾರ್ನ್ ಸ್ಪೀಕರ್. ಜಾತ್ರೆಯ ಮೈಕ್ ಸೆಟ್ಟಿಗೆ ಹತ್ತಿರದ ನಂಟು. ಮೈಕ್ ಸೆಟ್ಟಿಗೆ ಯಾರೂ ಬಲ್ಬಿನ ಹೋಲ್ಡರಿನಿಂದ ಕರೆಂಟ್ ಕೊಡುವುದಿಲ್ಲ, ಅಲ್ವಾ? ಇದಕ್ಕೂ ಹಾಗೆ. ಬ್ಯಾಟರಿಯಿಂದ ನೇರವಾಗಿ ಬರುವ ತನ್ನದೇ ವೈರ್, ತನ್ನದೇ ಫ್ಯೂಸ್, ತನ್ನದೇ ಅರ್ತ್ (ಗಾಡಿಯ ಬಾಡಿಗೆ ಸೇರುವ ಮೈನಸ್ ವೈರ್) ಬೇಕು.

ಶುರು ಮಾಡುವ ಮೊದಲು ಗಾಡಿ 12 ವೋಲ್ಟಿನದಾ ಅಂತ ಖಾತ್ರಿ ಮಾಡಿಕೊಳ್ಳಿ. ವ್ಯಾನ್ ಅಂದಿದ್ದೀರಿ, ಹಾಗಾಗಿ 12 ಇರುತ್ತೆ. ಫೈರ್ ಎಂಜಿನ್ ಥರದ ದೊಡ್ಡ ಲಾರಿ ಚಾಸಿಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತೆ. ಅಲ್ಲಿ ಎರಡರಲ್ಲಿ ಒಂದು ಬ್ಯಾಟರಿಯಿಂದ ಮಾತ್ರ ವೈರ್ ಎಳೆದು 12 ವೋಲ್ಟಿನ ಸೈರನ್ ಓಡಿಸುವ ಜಾಣತನ ತೋರಿಸುವವರಿದ್ದಾರೆ. ಆ ಒಂದು ಬ್ಯಾಟರಿ ಸೊರಗುತ್ತೆ, ಇನ್ನೊಂದು ಅತಿ ಚಾರ್ಜ್ ಆಗುತ್ತೆ, ಆರು ತಿಂಗಳಲ್ಲಿ ಎರಡೂ ಗುಜರಿಗೆ. 24 ವೋಲ್ಟಿನ ಗಾಡಿಗೆ 24ರ ಸೈರನ್ನೇ ತರಬೇಕು, ಇಲ್ಲ 24ನ್ನು 12ಕ್ಕೆ ಇಳಿಸುವ ಕನ್ವರ್ಟರ್ ಹಾಕಬೇಕು.

ಮೊದಲ ಕೆಲಸ, ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚುವುದು. ಪ್ಲಸ್ ಮೊದಲು ಬಿಚ್ಚಿದರೆ ಸ್ಪ್ಯಾನರ್ ಗಾಡಿಯ ಬಾಡಿಗೆ ತಗುಲಿದ ಕ್ಷಣ ಕಿಡಿ. ಕೈಯಲ್ಲಿ ಉಂಗುರ, ಬೆಳ್ಳಿ ಕಡಗ ಇದ್ದರೆ ತೆಗೆದಿಡಿ. ಪ್ಲಸ್ಸಿಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿದರೆ ಬೆರಳು ಸುಟ್ಟಮೇಲೇ ಗೊತ್ತಾಗುವುದು.

ಈಗ ವೈರ್. ಬ್ಯಾಟರಿಯಿಂದ ಸೈರನ್ ಪೆಟ್ಟಿಗೆಗೆ 4 ಮೀಟರ್ ದೂರ ಅಂತ ಇಟ್ಟುಕೊಳ್ಳಿ, ಹೋಗಿ ಬರಲು 8 ಮೀಟರ್. 1 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ 10 ಆಂಪ್ ಹರಿದರೆ ದಾರಿಯಲ್ಲೇ 1.4 ವೋಲ್ಟ್ ಸೋರಿಹೋಗುತ್ತೆ. ಬ್ಯಾಟರಿಯಲ್ಲಿ 12.6 ಇದ್ದರೆ ಸೈರನ್ ಬಾಯಿಗೆ ಸಿಗುವುದು 11.2. ಇದಕ್ಕೆ ಅರ್ತ್ ಸಡಿಲ, ಹೆಡ್‌ಲೈಟ್ ಭಾರ ಎರಡೂ ಸೇರಿದರೆ ಇನ್ನೂ ಇಳಿಯುತ್ತೆ. ನಿಮ್ಮ 'ಗೊರಗೊರ' ಹುಟ್ಟುವುದು ಇಲ್ಲಿ. 2.5 ಸ್ಕ್ವೇರ್ ಎಂಎಂ ಹಾಕಿದರೆ ಸೋರಿಕೆ ಅರ್ಧ ವೋಲ್ಟಿಗೆ ಇಳಿಯುತ್ತೆ, 4 ಹಾಕಿದರೆ ಇನ್ನೂ ಕಡಿಮೆ. ನನ್ನ ಮಾತು ಕೇಳುವುದಾದರೆ 4 ಹಾಕಿ. ಮೀಟರಿಗೆ ನಾಲ್ಕು ಕಾಸು ಉಳಿಸಿ ಏನೂ ಆಗಬೇಕಾಗಿಲ್ಲ. ಮನೆ ವೈರಿಂಗಿನಲ್ಲಿ ಉಳಿದ ತುಂಡು ಇದೆ ಅಂತ ಯಾರಾದರೂ ತಂದುಕೊಟ್ಟರೆ ಬೇಡ ಅನ್ನಿ. ಅದರ ಮೇಲಿನ ಸಾಮಾನ್ಯ ಪಿವಿಸಿ 70 ಡಿಗ್ರಿವರೆಗೆ ಅಂತ ಲೆಕ್ಕ, ಬಾನೆಟ್ ಒಳಗಿನ ಬಿಸಿಗೆ ಸಾಲದು. ಅಂಗಡಿಯಲ್ಲಿ ಆಟೋ ವೈರ್ ಅಂತಲೇ ಕೇಳಿ ತನ್ನಿ. ಒಂಟಿ ಎಳೆಯ ಗಟ್ಟಿ ತಂತಿಯಂತೂ ಗಾಡಿಗೆ ಆಗಿಬರುವುದೇ ಇಲ್ಲ, ಅದುರಿ ಅದುರಿ ಮುರಿಯುತ್ತೆ.

ಫ್ಯೂಸ್ ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಇರಬೇಕು. ಒಂದೂವರೆ ಅಡಿ ಒಳಗೆ, ಇನ್ನೂ ಹತ್ತಿರ ಆದರೆ ಇನ್ನೂ ಒಳ್ಳೆಯದು. ಬದಲಿಸಲು ಸುಲಭ ಅಂತ ಸೈರನ್ ಪೆಟ್ಟಿಗೆ ಪಕ್ಕದಲ್ಲಿ ಹಾಕುವವರು ಜಾಸ್ತಿ. ಆಗ ಬ್ಯಾಟರಿಯಿಂದ ಫ್ಯೂಸಿನವರೆಗಿನ ನಾಲ್ಕು ಮೀಟರ್ ವೈರಿಗೆ ಕಾವಲೇ ಇಲ್ಲ. ಮಧ್ಯದಲ್ಲಿ ಎಲ್ಲಾದರೂ ತಗಡಿಗೆ ಉಜ್ಜಿದರೆ ಬ್ಯಾಟರಿಯ ಪೂರ್ತಿ ಶಕ್ತಿ ಅಲ್ಲೇ ಸುರಿಯುತ್ತೆ. ಮುಚ್ಚಳ ಇರುವ, ನೀರು ಹೋಗದ ಫ್ಯೂಸ್ ಹೋಲ್ಡರ್ ಹಾಕಿ, ಅದರಲ್ಲಿ ನೀಲಿ ಬಣ್ಣದ 15 ಆಂಪ್ ಇರಲಿ. 100 ವ್ಯಾಟಿಗೆ ಅದು ಸಾಕು. ಸೈರನ್ ಜೊತೆ ಬಂದ ಚೀಟಿಯಲ್ಲಿ ಬೇರೆ ಸಂಖ್ಯೆ ಇದ್ದರೆ ಚೀಟಿಯ ಮಾತೇ ಕೊನೆ.

ವೈರ್ ಬಾನೆಟ್ಟಿನಿಂದ ಒಳಗೆ ಬರುವ ಜಾಗ ಇದೆಯಲ್ಲ, ಫೈರ್‌ವಾಲ್ ತಗಡು, ಅಲ್ಲಿ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಕೆಲಸ ಕಲಿತ ಹೊಸತು. ಸಂಜೆ ಆಗಿತ್ತು, ಗಿರಾಕಿ ಅವಸರ ಮಾಡುತ್ತಿದ್ದರು. ಡ್ರಿಲ್ ಹಾಕಿದೆ, ವೈರ್ ತೂರಿಸಿದೆ, ಎರಡು ಸುತ್ತು ಟೇಪ್ ಸುತ್ತಿದೆ. ರಬ್ಬರ್ ಗ್ರಾಮೆಟ್, ಅಂದರೆ ತೂತಿನ ಅಂಚಿಗೆ ಕೂರುವ ಬಳೆ, ನಾಳೆ ಹಾಕೋಣ ಅಂದುಕೊಂಡೆ. ಆ ನಾಳೆ ಬರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ತೂತಿನ ಅಂಚು ಟೇಪನ್ನೂ ಇನ್ಸುಲೇಷನ್ನನ್ನೂ ಕೊರೆದಿತ್ತು. ಪುಣ್ಯಕ್ಕೆ ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇತ್ತು, ಅದು ಹೋಯಿತು, ಅಷ್ಟಕ್ಕೇ ಮುಗಿಯಿತು. ಆದಷ್ಟೂ ಹೊಸ ತೂತು ಕೊರೆಯಬೇಡಿ. ಕಂಪನಿ ಗ್ರಾಮೆಟ್ಟಿನಲ್ಲಿ ಖಾಲಿ ಜಾಗ ಇದ್ದೇ ಇರುತ್ತೆ, ಅದರೊಳಗಿಂದ ತನ್ನಿ. ಕೊರೆಯಲೇಬೇಕಾದರೆ ಆ ಕಡೆ ಏನಿದೆ ಅಂತ ಮೊದಲು ಕೈಹಾಕಿ ನೋಡಿ. ಬ್ರೇಕ್ ಪೈಪು, ವೈರಿಂಗ್ ಕಟ್ಟು ಎರಡೂ ಅಲ್ಲೇ ಓಡಾಡುತ್ತಿರುತ್ತವೆ. ಕೊರೆದ ಅಂಚನ್ನು ಅರದಿಂದ ಉಜ್ಜಿ, ಸ್ವಲ್ಪ ಪೇಂಟ್ ಹಚ್ಚಿ, ಗ್ರಾಮೆಟ್ ಕೂರಿಸಿ, ಆಮೇಲೆ ವೈರ್.

ಉದ್ದಕ್ಕೂ ಸುರುಳಿ ಪೈಪು, ಅಂದರೆ ಆ ಏಣು ಏಣಾದ ಕಪ್ಪು ಪ್ಲಾಸ್ಟಿಕ್ ಸ್ಲೀವ್, ಹಾಕಿ. ಒಂದು ಗೇಣಿಗೊಂದು ಟ್ಯಾಗ್ ಕಟ್ಟಿ. ಸೈಲೆನ್ಸರ್ ಕಡೆ, ಫ್ಯಾನ್ ಕಡೆ, ಸ್ಟೇರಿಂಗ್ ರಾಡ್ ಓಡಾಡುವ ಕಡೆ ಸುಳಿಯಬೇಡಿ. ನಿಮ್ಮ ಕಡೆ ಮಳೆ ಜಾಸ್ತಿ ಇದ್ದರೆ ಇನ್ನೊಂದು: ಪೆಟ್ಟಿಗೆಗೋ ಸ್ಪೀಕರಿಗೋ ವೈರ್ ಸೇರುವ ಮೊದಲು ಅದು ಸ್ವಲ್ಪ ಕೆಳಗೆ ಜೋತುಬಿದ್ದು ಮತ್ತೆ ಮೇಲೆ ಏರಲಿ. ನೀರು ವೈರ್ ಹಿಡಿದು ಬಂದರೂ ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತೆ. ಸ್ಲೀವಿನ ತುದಿಗಳನ್ನು ಟೇಪಿನಿಂದ ಮುಚ್ಚಿ, ಇಲಿಗೆ ಆ ಪೈಪು ಅಂದರೆ ಸಿದ್ಧವಾದ ಸುರಂಗ.

ಜೋಡಣೆಯಲ್ಲಿ ನನಗೆ ಹಠ ಜಾಸ್ತಿ. ಎರಡು ವೈರ್ ಸುಲಿದು, ತಿರುಚಿ, ಟೇಪ್ ಸುತ್ತಿದ್ದನ್ನು ನಾನು ಜೋಡಣೆ ಅಂತ ಒಪ್ಪುವುದಿಲ್ಲ. ಬಿಸಿಲಿಗೆ ಟೇಪಿನ ಅಂಟು ಕರಗುತ್ತೆ, ಜಾರುತ್ತೆ, ತಾಮ್ರ ಹಸಿರು ಬಣ್ಣಕ್ಕೆ ತಿರುಗುತ್ತೆ. ಥಿಂಬಲ್, ಅಂದರೆ ವೈರ್ ತುದಿಗೆ ಕೂರುವ ಲೋಹದ ಕೊಳವೆ, ಹಾಕಿ ಒತ್ತುವ ಪ್ಲೈಯರ್‌ನಿಂದಲೇ ಒತ್ತಿ. ಕಟಿಂಗ್ ಪ್ಲೈಯರ್‌ನಿಂದ ಜಜ್ಜಿದರೆ ಅದು ಒತ್ತಿದ ಹಾಗಲ್ಲ. ಒತ್ತಿದ ಮೇಲೆ ಕೈಯಲ್ಲಿ ಬಲವಾಗಿ ಎಳೆದು ನೋಡಿ, ಕಳಚಿ ಬಂದರೆ ಒಳ್ಳೆಯದೇ ಆಯಿತು, ರಸ್ತೆಯಲ್ಲಿ ಬರುವ ಬದಲು ಶೆಡ್ಡಿನಲ್ಲಿ ಬಂತು. ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಬಿಸಿ ಕೊಡಿ.

ಅರ್ತ್ ವಿಷಯಕ್ಕೆ ಬರೋಣ. ಹೆಡ್‌ಲೈಟ್ ಹಾಕಿದಾಗ ಸ್ವರ ಕುಗ್ಗುತ್ತೆ ಅಂದಿರಲ್ಲ, ಬಹುಶಃ ಸೈರನ್ನಿನ ಕಪ್ಪು ವೈರನ್ನು ಬೇರೆ ಅರ್ತ್‌ಗಳೆಲ್ಲ ಸೇರುವ ಒಂದೇ ಸ್ಕ್ರೂವಿಗೆ ಸಿಕ್ಕಿಸಿದ್ದಾರೆ. ಸ್ಕ್ರೂ ಅಡಿ ಪೇಂಟ್ ಇರುತ್ತೆ, ತುಕ್ಕು ಇರುತ್ತೆ. ಹೆಡ್‌ಲೈಟಿನ ಕರೆಂಟೂ ಸೈರನ್ನಿನ ಕರೆಂಟೂ ಅದೇ ಸಣ್ಣ ಬಾಗಿಲಲ್ಲಿ ನುಗ್ಗಬೇಕು. ಸೈರನ್ನಿಗೆ ಬೇರೆ ಜಾಗ ಹುಡುಕಿ, ಡ್ಯಾಶ್ ಪ್ಲಾಸ್ಟಿಕ್ ಹಿಡಿದಿರುವ ತೆಳು ಪಟ್ಟಿ ಬೇಡ, ಬಾಡಿಯ ದಪ್ಪ ಭಾಗ ಬೇಕು. ರೂಪಾಯಿ ನಾಣ್ಯದಷ್ಟು ಅಗಲ ಪೇಂಟ್ ಕೆರೆದು ಲೋಹ ಹೊಳೆಯುವಂತೆ ಮಾಡಿ, ಥಿಂಬಲ್ ಇಟ್ಟು, ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿ. ಆಮೇಲೆ ಮೇಲೆ ಸ್ವಲ್ಪ ಗ್ರೀಸ್ ಸವರಿ. ಹೊಸ ಕಾಲದ ಗಾಡಿಗಳಲ್ಲಿ ಬ್ಯಾಟರಿ ಮೈನಸ್ ಮೇಲೇ ಒಂದು ಚಿಕ್ಕ ಸೆನ್ಸರ್ ಪೆಟ್ಟಿಗೆ ಕೂತಿರುತ್ತೆ. ಅಂಥ ಗಾಡಿಯಲ್ಲಿ ಅರ್ತ್ ವೈರನ್ನು ನೇರ ಬ್ಯಾಟರಿ ಮೈನಸ್ಸಿಗೆ ಕೊಡಬೇಡಿ. ಬಾಡಿಗೇ ಕೊಡಿ, ಇಲ್ಲದಿದ್ದರೆ ಸೈರನ್ ತಿಂದ ಕರೆಂಟ್ ಅದರ ಲೆಕ್ಕಕ್ಕೆ ಸಿಗುವುದಿಲ್ಲ.

ಸೈರನ್ ಚಾಲೂ ಇರುವುದು ಮರೆತು ಗಾಡಿ ನಿಲ್ಲಿಸಿ ಹೋದರೆ ಬ್ಯಾಟರಿ ಖಾಲಿ. ಅದಕ್ಕೆ ಒಂದು 40 ಆಂಪ್ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್-ಆಫ್ ಮಾಡುವ ಸ್ವಿಚ್, ಹಾಕುತ್ತೇವೆ. ಅದರ ಪಿನ್ನುಗಳಿಗೆ ನಂಬರ್ ಇರುತ್ತೆ: ಫ್ಯೂಸಿನಿಂದ ಬಂದ ದಪ್ಪ ವೈರ್ 30ನೇ ಪಿನ್ನಿಗೆ, ಸೈರನ್ನಿಗೆ ಹೋಗುವುದು 87ರಿಂದ. ಇಗ್ನಿಷನ್ ಹಾಕಿದಾಗ ಮಾತ್ರ ಕರೆಂಟ್ ಬರುವ ಒಂದು ಸಣ್ಣ ವೈರ್ 86ಕ್ಕೆ, ಅರ್ತ್ 85ಕ್ಕೆ. ಅಂಗಡಿಯವರು ಐದು ಪಿನ್ನಿನ ರಿಲೇ ಕೊಟ್ಟರೆ ಹುಷಾರು. ನಡುವಿನ 87ಎ ಪಿನ್ನಿಗೆ ರಿಲೇ ಆಫ್ ಇರುವಾಗ ಕರೆಂಟ್ ಬರುತ್ತೆ. ಅದನ್ನು ಖಾಲಿ ಬಿಡಿ, ಬರೀ ಪಿನ್ ಎಲ್ಲಿಗೂ ತಗುಲದ ಹಾಗೆ ಸಾಕೆಟ್ ಹಾಕಿ. ಅಪಘಾತ ಆದ ಜಾಗದಲ್ಲಿ ಎಂಜಿನ್ ಆಫ್ ಮಾಡಿ ಮೈಕಿನಲ್ಲಿ ಜನರನ್ನು ಸರಿಸಬೇಕಾಗುತ್ತೆ ಅಂತ ಕೆಲವು ಡ್ರೈವರುಗಳು ಹೇಳುತ್ತಾರೆ. ಕೀ ಒಂದು ಹೆಜ್ಜೆ ತಿರುಗಿಸಿಟ್ಟರೆ ಸಾಕು ಅಂತ ಅವರಿಗೆ ತೋರಿಸಿಕೊಡಿ.

ಹಾರ್ನ್ ಬಟನ್ ಒತ್ತಿದರೆ ಸೈರನ್ ಸ್ವರ ಬದಲಾಗುವ ಸೌಲಭ್ಯ ನಿಮ್ಮ ಪೆಟ್ಟಿಗೆಯಲ್ಲಿ ಇದ್ದರೆ, ಅದಕ್ಕೆ ಪ್ರತ್ಯೇಕ ಸಣ್ಣ ವೈರ್ ಇರುತ್ತೆ. ಒಳ್ಳೆಯ ಸೌಲಭ್ಯ ಅದು, ಡ್ರೈವರ್ ಸ್ಟೇರಿಂಗ್ ಬಿಡಬೇಕಾಗಿಲ್ಲ. ಆದರೆ ಸೇರಿಸುವ ಮೊದಲು ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ, ಬಟನ್ ಒತ್ತಿದಾಗ ಆ ವೈರಿಗೆ ಬರುವುದು ಪ್ಲಸ್ಸೋ ಅರ್ತೋ ಅಂತ. ಹೆಚ್ಚಿನ ಗಾಡಿಗಳಲ್ಲಿ ಬಟನ್ ಅರ್ತ್ ಕೊಡುತ್ತೆ. ತಪ್ಪಿದರೆ ಸೈರನ್ ಕೂಗುವುದಿಲ್ಲ, ಇಲ್ಲ ಹಾರ್ನ್ ನಿಲ್ಲುವುದಿಲ್ಲ. ವೈರ್ ಹಿಡಿಯುವುದು ಹಾರ್ನ್ ರಿಲೇ ಹತ್ತಿರ. ಸ್ಟೇರಿಂಗ್ ಕವರ್ ಬಿಚ್ಚಬೇಡಿ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಹಳದಿ ಕನೆಕ್ಟರ್, ಹಳದಿ ಸ್ಲೀವ್ ಕಂಡಲ್ಲಿ ಕೈ ಹಿಂದಕ್ಕೆ. ಟೆಸ್ಟ್ ಲ್ಯಾಂಪ್ ಅದಕ್ಕೆ ಮುಟ್ಟಿಸಲೇಬಾರದು, ಬ್ಯಾಗ್ ಸಿಡಿಯಬಹುದು.

ಸ್ಪೀಕರ್ ಕಡೆ ಹೋಗುವ ಎರಡು ವೈರಿನ ಬಗ್ಗೆ ಒಂದು ಮಾತು. ಗಾಡಿಯಲ್ಲಿ ಕೆಲಸ ಮಾಡುವವರಿಗೆ ಒಂದು ಅಭ್ಯಾಸ ಇರುತ್ತೆ, ಕಪ್ಪು ವೈರ್ ಕಂಡರೆ ಗಾಡಿಯ ತಗಡಿಗೆ ಸೇರಿಸುವುದು. ಸ್ಪೀಕರಿನ ಯಾವ ವೈರನ್ನೂ ತಗಡಿಗೆ ಸೇರಿಸಬಾರದು. ಸೇರಿಸಿದರೆ ಆಂಪ್ಲಿಫೈಯರ್ ಔಟ್‌ಪುಟ್ ಷಾರ್ಟ್ ಆಗಿ ಸುಟ್ಟುಹೋಗಬಹುದು. ಇನ್ನೊಂದು, 12 ವೋಲ್ಟಿನ ಗಾಡಿ ತಾನೇ ಅಂತ ಸೈರನ್ ಕೂಗುವಾಗ ಆ ವೈರ್ ಮುಟ್ಟಬೇಡಿ. 11 ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ಸ್ಪೀಕರಿಗೆ 100 ವ್ಯಾಟ್ ತಳ್ಳಬೇಕಾದರೆ ಅಲ್ಲಿ 33 ವೋಲ್ಟ್ ಹತ್ತಿರ ಇರಲೇಬೇಕು. ಒದ್ದೆ ಕೈಗೆ ಚೆನ್ನಾಗಿ ಬಡಿಯುತ್ತೆ.

ಸ್ಪೀಕರ್ ಓಮ್ ಹೊಂದಬೇಕು, ವ್ಯಾಟ್ ಹೊಂದಬೇಕು. 100 ವ್ಯಾಟಿನ ಸೈರನ್ ಸ್ಪೀಕರುಗಳು ಸಾಮಾನ್ಯವಾಗಿ 11 ಓಮ್. ಮೀಟರಿನಲ್ಲಿ ಅಳೆದರೆ ಅದಕ್ಕಿಂತ ಕಡಿಮೆ ತೋರಿಸುತ್ತೆ, ಗಾಬರಿ ಬೇಡ, ಪೆಟ್ಟಿಗೆ ಮೇಲೆ ಬರೆದಿರುವುದನ್ನು ನೋಡಿ. ದೇವಸ್ಥಾನದ ಮೇಲಿರುವ ಮೈಕ್ ಹಾರ್ನ್ ತಂದು ಹಾಕಿದವರನ್ನೂ ಕಂಡಿದ್ದೇನೆ. ಅದರ ಯೂನಿಟ್ ಸುಪ್ರಭಾತಕ್ಕೆ ಸರಿ, ಸೈರನ್ನಿಗೆ ಎರಡು ದಿನ ಬಾಳುವುದಿಲ್ಲ. 'ಇನ್ನೊಂದು ಸ್ಪೀಕರ್ ಹಾಕಿದ್ರೆ ಡಬಲ್ ಸೌಂಡ್' ಅಂತ ಒಂದರ ಪಕ್ಕ ಇನ್ನೊಂದು ಸೇರಿಸಿದರೆ ಓಮ್ ಅರ್ಧ ಆಗುತ್ತೆ, 100 ವ್ಯಾಟಿನ ಪೆಟ್ಟಿಗೆ ತಡೆಯುವುದಿಲ್ಲ. ಎರಡು ಬೇಕಾದರೆ ಎರಡಕ್ಕಾಗಿ ಮಾಡಿದ 200 ವ್ಯಾಟಿನ ಪೆಟ್ಟಿಗೆ ಬೇಕು. ಅದಕ್ಕೆ ವೈರ್, ಫ್ಯೂಸ್ ಎಲ್ಲ ಮತ್ತೆ ದೊಡ್ಡದು. ಹಾಗೆ ಹಾಕುವಾಗ ಎರಡೂ ಸ್ಪೀಕರಿನ ಪ್ಲಸ್ ಒಂದೇ ಕಡೆ ಸೇರಲಿ. ಒಂದು ಉಲ್ಟಾ ಆದರೆ ಮುಂದೆ ನಿಂತವರಿಗೆ ಎರಡು ಸ್ಪೀಕರ್ ಸೇರಿ ಒಂದಕ್ಕಿಂತ ಕಡಿಮೆ ಕೇಳುತ್ತೆ. ತಮಾಷೆ ಅಲ್ಲ, ನಿಜ.

ಡ್ರೈವರ್ ಕಿವಿ ನೋವು ಅಂದದ್ದನ್ನು ನೀವು ಪ್ರಶ್ನೆಯ ಕೊನೆಗೆ ಸುಮ್ನೆ ಒಂದು ಸಾಲಿನಲ್ಲಿ ಬರೆದಿದ್ದೀರಿ. ನನ್ನ ಪ್ರಕಾರ ಅದೇ ಮೊದಲ ಸಾಲು ಆಗಬೇಕಿತ್ತು. 100 ವ್ಯಾಟಿನ ಸೈರನ್ ಮೂರು ಮೀಟರ್ ದೂರದಲ್ಲಿ 120 ಡೆಸಿಬೆಲ್ ಆಸುಪಾಸು ಇರುತ್ತೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವ ಮಿತಿ 85 ಡೆಸಿಬೆಲ್ಲಿಗೆ ದಿನಕ್ಕೆ 8 ಗಂಟೆ. ಮೂರು ಡೆಸಿಬೆಲ್ ಏರಿದ ಹಾಗೆಲ್ಲ ಹೊತ್ತು ಅರ್ಧ ಆಗುತ್ತೆ. 100 ಡೆಸಿಬೆಲ್ಲಿಗೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ಟಾಪ್ ಮೇಲಿನ ಸ್ಪೀಕರ್ ಡ್ರೈವರ್ ತಲೆಯಿಂದ ಎರಡು ಅಡಿ ಮೇಲಿದೆ, ನಡುವೆ ಇರುವುದು ಒಂದು ತಗಡು. ತಗಡೂ ಅದುರುತ್ತೆ. ಹಿಂದೆ ಮಲಗಿರುವ ರೋಗಿಗೂ, ಪಕ್ಕದಲ್ಲಿ ಕೂತು ಸ್ಟೆತಾಸ್ಕೋಪಿನಲ್ಲಿ ಬಿಪಿ ನೋಡಲು ಒದ್ದಾಡುವವರಿಗೂ ಅದೇ ಶಿಕ್ಷೆ. ಸ್ಪೀಕರನ್ನು ಕೆಳಗೆ ಇಳಿಸಿ, ಬಂಪರ್ ಅಥವಾ ಗ್ರಿಲ್ ಹತ್ತಿರ ಹಾಕಿ. ಕ್ಯಾಬಿನ್ ಒಳಗಿನ ಗದ್ದಲ ಗೊತ್ತಾಗುವಷ್ಟು ಇಳಿಯುತ್ತೆ. ಮುಂದಿರುವ ಕಾರಿನವರ ಕಿವಿಯ ಎತ್ತರಕ್ಕೂ ಅದೇ ಸರಿ. ಸೈರನ್ ಓಡುವಾಗ ಕಿಟಕಿ ಗಾಜು ಮುಚ್ಚಿರಲಿ.

ಬಂಪರಿನಲ್ಲಿ ಹಾಕುವಾಗ ಸ್ಪೀಕರ್ ಬಾಯಿಗೆ ಏನೂ ಅಡ್ಡ ಬರಬಾರದು. ನಂಬರ್ ಪ್ಲೇಟ್ ಹಿಂದೆ ಬಚ್ಚಿಟ್ಟರೆ 100 ವ್ಯಾಟ್ ಕೊಟ್ಟು 30 ವ್ಯಾಟಿನ ಕೆಲಸ ತಗೊಂಡ ಹಾಗೆ. ಬಾಯಿ ನೇರ ಮುಂದಕ್ಕೆ, ಒಂದು ಕೂದಲೆಳೆ ಕೆಳಕ್ಕೆ ವಾಲಿರಲಿ, ನೀರು ನಿಲ್ಲುವುದಿಲ್ಲ. ಎರಡು ಮೂರು ಕಿಲೋ ಭಾರದ ವಸ್ತು ಅದು. ಪ್ಲಾಸ್ಟಿಕ್ ಬಂಪರಿಗೆ ಸ್ಕ್ರೂ ಹೊಡೆದರೆ ಮೊದಲ ಹಂಪಿನಲ್ಲೇ ಬಿರುಕು. ರೇಡಿಯೇಟರ್ ಹಿಡಿದಿರುವ ಕಬ್ಬಿಣದ ಅಡ್ಡಪಟ್ಟಿಗೆ ಬ್ರಾಕೆಟ್ ಕೊಟ್ಟು, ಸಡಿಲವಾಗದ ನೈಲಾನ್ ನಟ್ ಹಾಕಿ ಬಿಗಿ ಮಾಡಿ. ರೇಡಿಯೇಟರಿಗೆ ಗಾಳಿ ಹೋಗುವ ದಾರಿ ಮುಚ್ಚಬೇಡಿ. ಅಲ್ಲಿ ಏರ್‌ಬ್ಯಾಗಿನ ಸೆನ್ಸರ್ ಇದ್ದರೆ ಅದನ್ನು ಕದಲಿಸಬೇಡಿ. ಟಾಪಿನಿಂದ ಸ್ಪೀಕರ್ ತೆಗೆದ ಮೇಲೆ ಉಳಿಯುವ ತೂತುಗಳನ್ನು ಸೀಲ್ ಮಾಡಲು ಮರೆಯಬೇಡಿ. ಮೊದಲ ಮಳೆಗೆ ಸ್ಟ್ರೆಚರ್ ಮೇಲೆ ಸೋರುತ್ತೆ.

ಸೈರನ್ ಪೆಟ್ಟಿಗೆಯನ್ನು ಡ್ರೈವರ್ ಕ್ಯಾಬಿನ್ನಿನಲ್ಲೇ ಇಡಿ, ಸುತ್ತ ಎರಡು ಬೆರಳು ಗಾಳಿ ಆಡಲಿ, ಬಿಸಿಯಾಗುತ್ತೆ. ಹಿಂದೆ ಆಕ್ಸಿಜನ್ ಸಿಲಿಂಡರ್ ಇರುವ ಕಡೆ ಪೆಟ್ಟಿಗೆಯೂ ಬೇಡ, ರಿಲೇಯೂ ಬೇಡ. ರಿಲೇ ಪ್ರತಿ ಸಲ ಟಿಕ್ ಅಂದಾಗಲೂ ಒಳಗೊಂದು ಸಣ್ಣ ಕಿಡಿ ಇರುತ್ತೆ. ನಾವು ಉಸಿರಾಡುವ ಗಾಳಿಯಲ್ಲಿ ಆಕ್ಸಿಜನ್ ಶೇ. 21. ಮುಚ್ಚಿದ ವ್ಯಾನಿನಲ್ಲಿ ರೆಗ್ಯುಲೇಟರ್ ಸ್ವಲ್ಪ ಸೋರಿ ಅದು 23.5 ದಾಟಿದರೆ ಅಪಾಯದ ಲೆಕ್ಕಕ್ಕೆ ಬರುತ್ತೆ. ಬೆಡ್‌ಶೀಟ್, ದಿಂಬು, ಬಟ್ಟೆ ಎಲ್ಲ ಆ ಆಕ್ಸಿಜನ್ ಹೀರಿಕೊಂಡಿರುತ್ತವೆ, ಸಣ್ಣ ಕಿಡಿಗೂ ಭಗ್ ಅನ್ನುತ್ತವೆ. ಕೆಲಸ ಶುರು ಮಾಡುವ ಮೊದಲು ಸಿಲಿಂಡರ್ ವಾಲ್ವ್ ಮುಚ್ಚಿ, ಸಾಧ್ಯವಾದರೆ ಸಿಲಿಂಡರನ್ನೇ ಕೆಳಗಿಳಿಸಿ, ಬಾಗಿಲು ತೆರೆದಿಡಿ. ಅರ್ತ್ ಮೇಲೆ ಗ್ರೀಸ್ ಸವರಿದ ಕೈಯಲ್ಲಿ ಆಕ್ಸಿಜನ್ ರೆಗ್ಯುಲೇಟರ್ ಮುಟ್ಟಬೇಡಿ. ಒತ್ತಡದ ಆಕ್ಸಿಜನ್‌ಗೂ ಎಣ್ಣೆ ಗ್ರೀಸಿಗೂ ಆಗಿಬರುವುದಿಲ್ಲ, ಕಿಡಿ ಇಲ್ಲದೆಯೂ ಹೊತ್ತಿಕೊಳ್ಳಬಹುದು. ಆಕ್ಸಿಜನ್ ಪೈಪ್ ಹೋಗುವ ಪಟ್ಟಿಯಲ್ಲೇ ವೈರ್ ಎಳೆದರೆ ಚೆಂದ ಕಾಣುತ್ತೆ ಅಂತ ಯಾರಾದರೂ ಹೇಳಿದರೆ, ಚೆಂದ ಬೇಡ ಅನ್ನಿ.

ಲೈಟ್ ಬಾರ್ ಅದೇ ವೈರಿಗೆ ಬೇಡ. ಅದಕ್ಕೆ ಬೇರೆ ಫ್ಯೂಸ್, ಬೇರೆ ವೈರ್. ಸೈರನ್ ಕೆಟ್ಟ ದಿನ ಲೈಟಾದರೂ ಉರಿಯಲಿ, ಲೈಟ್ ಕೆಟ್ಟ ದಿನ ಸೈರನ್ನಾದರೂ ಕೂಗಲಿ. ಜೊತೆಗೆ ಒಂದು ಹಾಳೆ ತಗೊಂಡು ಕೂಡಿಸಿ ನೋಡಿ: ಹೆಡ್‌ಲೈಟ್ 9–10 ಆಂಪ್, ಸೈರನ್ 10, ಬ್ಲೋವರ್, ವೈಪರ್, ಲೈಟ್ ಬಾರ್. ಸಕ್ಷನ್ ಮೆಷಿನ್ನಿಗೆ ಅಂತ 500 ವ್ಯಾಟಿನ ಇನ್ವರ್ಟರ್ ಇದ್ದರೆ ಅದು ಪೂರ್ತಿ ಭಾರದಲ್ಲಿ ಒಂದೇ 45 ಆಂಪ್ ದಾಟುತ್ತೆ. ನಿಮ್ಮ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಡೈನಮೋ, ಅದರ ಮೇಲೆ ಎಷ್ಟು ಆಂಪ್ ಬರೆದಿದೆ ನೋಡಿ. ಐಡಲ್‌ನಲ್ಲಿ ಅದು ಬರೆದಷ್ಟು ಕೊಡುವುದೂ ಇಲ್ಲ. ಕೂಡಿದ್ದು ಹತ್ತಿರ ಹತ್ತಿರ ಬಂದರೆ ಇನ್ವರ್ಟರಿಗೆ ಎರಡನೇ ಬ್ಯಾಟರಿ ಬೇಕು, ಸೈರನ್ ಬೈದು ಪ್ರಯೋಜನ ಇಲ್ಲ.

ಕಾನೂನಿನ ಕಡೆಯಿಂದ ನಿಮಗೆ ತೊಂದರೆ ಇಲ್ಲ, ಆರ್‌ಸಿಯಲ್ಲಿ ಆಂಬುಲೆನ್ಸ್ ಅಂತಲೇ ಇದೆಯಲ್ಲ. ಕೇಂದ್ರ ಮೋಟಾರು ವಾಹನ ನಿಯಮ 119ರ ಪ್ರಕಾರ ಸ್ವರ ಬದಲಾಗುವ ಹಾರ್ನ್ ಬೇರೆ ಗಾಡಿಗಳಿಗೆ ನಿಷೇಧ. ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್ ಥರದ ಕೆಲವಕ್ಕೆ ಮಾತ್ರ ವಿನಾಯಿತಿ, ಅದೂ ರಿಜಿಸ್ಟರ್ ಮಾಡುವ ಅಧಿಕಾರಿ ಒಪ್ಪಿದ ಸೈರನ್ನಿಗೆ. ಎಫ್‌ಸಿಗೆ ಹೋದಾಗ ಬ್ರೇಕ್ ಇನ್‌ಸ್ಪೆಕ್ಟರಿಗೆ ಹೊಸ ಸೈರನ್ ತೋರಿಸಿಬಿಡಿ. ಅವರು ಮಾಮೂಲಿ ಹಾರ್ನೂ ಒತ್ತಿ ನೋಡುತ್ತಾರೆ, ಅದು ಕೂಗಲೇಬೇಕು. 2019ರ ತಿದ್ದುಪಡಿಯಲ್ಲಿ ಬಂದ 194ಇ ಸೆಕ್ಷನ್ ಪ್ರಕಾರ ಆಂಬುಲೆನ್ಸಿಗೆ ದಾರಿ ಬಿಡದವರಿಗೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲ ಎರಡೂ ಆಗಬಹುದು. ಟ್ರಸ್ಟಿನ ಅಧ್ಯಕ್ಷರ ಕಾರಿಗೂ ಒಂದು ಹಾಕಿಕೊಡಿ ಅಂತ ಯಾರಾದರೂ ಕೇಳಿದರೆ ನೇರವಾಗಿ ಆಗಲ್ಲ ಅನ್ನಿ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಶೆಡ್ಡಿನೊಳಗೆ ಬೇಡವೇ ಬೇಡ. ನಾನು ಒಮ್ಮೆ ತಗಡಿನ ಶೆಡ್ಡಿನಲ್ಲಿ ಸ್ಪೀಕರ್ ಮುಂದೆ ಕೂತು ಸ್ವಿಚ್ ಒತ್ತಿಸಿಕೊಂಡವನು. ಎರಡು ದಿನ ಕಿವಿಯಲ್ಲಿ ಜೀರುಂಡೆ ಕೂಗುತ್ತಿತ್ತು. ಬಯಲಿಗೆ ಒಯ್ಯಿರಿ, ಮುಂದೆ ಯಾರೂ ಇರಬಾರದು, ಸ್ಪೀಕರ್ ಬಾಯಿಗೆ ಹಳೇ ರಗ್ಗು ತುರುಕಿ, ಕಿವಿಗೆ ಮಫ್ ಹಾಕಿಕೊಳ್ಳಿ. ಎಂಜಿನ್ ಸ್ಟಾರ್ಟ್ ಇರಲಿ, ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಕೆಂಪು ಕಡ್ಡಿ ಬ್ಯಾಟರಿ ಪ್ಲಸ್ ಮೇಲೆ, ಕಪ್ಪು ಕಡ್ಡಿ ಸೈರನ್ ಪೆಟ್ಟಿಗೆಯ ಪ್ಲಸ್ ಮೇಲೆ. ಕಡ್ಡಿಯ ವೈರ್ ಗಿಡ್ಡ ಆಗುತ್ತೆ, ಒಂದು ತುಂಡು ವೈರ್ ಸೇರಿಸಿಕೊಳ್ಳಿ. ಒಬ್ಬರು ಐದು ಸೆಕೆಂಡ್ ಸೈರನ್ ಒತ್ತಲಿ, ನೀವು ಮೀಟರ್ ನೋಡಿ. ಅಲ್ಲಿ ತೋರಿಸುವುದೇ ದಾರಿಯಲ್ಲಿ ಸೋರಿದ ವೋಲ್ಟ್. ಅರ್ಧದೊಳಗೆ ಇದ್ದರೆ ಸರಿ. ಹಾಗೆಯೇ ಬ್ಯಾಟರಿ ಮೈನಸ್ ಮತ್ತು ಪೆಟ್ಟಿಗೆಯ ಮೈನಸ್ ನಡುವೆ ನೋಡಿ. ಇಲ್ಲಿ ಕಾಲು ವೋಲ್ಟ್ ದಾಟಿದರೂ ನಾನು ಅರ್ತ್ ಬಿಚ್ಚಿ ಮತ್ತೆ ಕೆರೆಯುತ್ತೇನೆ. ಆಮೇಲೆ ಹತ್ತು ನಿಮಿಷ ಓಡಿಸಿ, ಸೈರನ್ ಆಫ್ ಮಾಡಿ, ಫ್ಯೂಸ್ ಹೋಲ್ಡರನ್ನೂ ಪ್ರತಿ ಜೋಡಣೆಯನ್ನೂ ಕೈಯಲ್ಲಿ ಮುಟ್ಟಿ ನೋಡಿ. ಎಲ್ಲಿ ಬಿಸಿಯೋ ಅಲ್ಲಿ ಒತ್ತಿದ್ದು ಸರಿಯಾಗಿಲ್ಲ.

ಹಳೇ ಹಾರ್ನ್ ವೈರಿನದು ಒಂದು ಬಾಕಿ ಇದೆ. ಅದು ಈಗಾಗಲೇ 20 ಆಂಪ್ ಫ್ಯೂಸ್ ಹಾಕಿಕೊಂಡು ಓಡಿದೆ. ಹಾರ್ನ್ ಕೆಲಸ ಮಾಡುತ್ತಿದೆ ಅಂತ ಹಾಗೇ ಬಿಡಬೇಡಿ. ಫ್ಯೂಸ್ ಬಾಕ್ಸಿನಿಂದ ಹಾರ್ನಿನವರೆಗೆ ಟೇಪ್ ಬಿಚ್ಚಿ, ಬೆರಳಲ್ಲಿ ಸವರುತ್ತಾ ಹೋಗಿ. ಇನ್ಸುಲೇಷನ್ ಗಡುಸಾಗಿದ್ದರೆ, ಬಗ್ಗಿಸಿದಾಗ ಬಿರುಕು ಬಿಟ್ಟರೆ, ಬಣ್ಣ ಕಂದಿದ್ದರೆ ಆ ತುಂಡು ಪೂರ್ತಿ ಬದಲಿಸಿ. ಫ್ಯೂಸ್ ಕೂರುವ ಕಚ್ಚುಗಳೂ ಸುಟ್ಟು ಸಡಿಲ ಆಗಿದ್ದಾವಾ ನೋಡಿ. ಮುಗಿದ ಮೇಲೆ ಎರಡು ನೀಲಿ ಫ್ಯೂಸ್ ಕವರಿನಲ್ಲಿ ಹಾಕಿ ಬ್ಯಾಟರಿ ಪಕ್ಕದ ಹೋಲ್ಡರಿಗೆ ಕಟ್ಟಿಡಿ. ನಿಮ್ಮ ಎಲೆಕ್ಟ್ರಿಷಿಯನ್ ಕೈಯಲ್ಲೇ ಈ ಕೆಲಸ ಮಾಡಿಸಿ, ಇದನ್ನು ಅವರಿಗೂ ಓದಿ ಹೇಳಿ. ಮೀಟರ್ ಎಷ್ಟು ತೋರಿಸಿತು ಅಂತ ಬರೆದು ಕಳಿಸಿ.